ಅತ್ತೆಯ ಸುಣ್ಣದ ನುಚ್ಚು

ಟಕ್, ಟಕ್, ಟಕ್. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಯೂನಿಯನ್ ಸಿಟಿಯ ನಮ್ಮ ಮೊದಲ ಅಪಾರ್ಟ್‌ಮೆಂಟು ಎಂದರೆ ನನಗೆ ಇವತ್ತಿಗೂ ಮೊದಲು ಕೇಳಿಸುವುದು ಕೆಳಗಿನ ಮನೆಯಾಕೆ ಪೊರಕೆಯ ಹಿಡಿಯಿಂದ ತನ್ನ ಸೀಲಿಂಗಿಗೆ, ಅಂದರೆ ನಮ್ಮ ನೆಲಕ್ಕೆ, ಕುಟ್ಟುತ್ತಿದ್ದ ಆ ಸದ್ದು. ಆಕೆಯದೇನೂ ತಪ್ಪಿಲ್ಲ. ಮೇಲೆ ನಮ್ಮ ಅತ್ತೆ ಹಿತ್ತಾಳೆ ಕುಟ್ಟಾಣಿಯಲ್ಲಿ ಗೋವಿನಜೋಳ ಕುಟ್ಟುತ್ತಿದ್ದರು.

ಎಂಬತ್ತರ ದಶಕದ ಮಾತು. ನಾನು ಏಳು ತಿಂಗಳ ಬಸುರಿ. ಅಮ್ಮ ತೀರಿಕೊಂಡಿದ್ದರಿಂದ ಬಾಣಂತನಕ್ಕೆಂದು ಅತ್ತೆ ಗದಗಿನಿಂದ ಬಂದಿದ್ದರು. ಬಂದವರು ನನ್ನ ಅಡುಗೆಯನ್ನು ಬಾಯಿಗಿಡಲೊಲ್ಲರು. ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕ್ರೋಶೆ, ಕಸ್ಟರ್ಡು, ಟೇಬಲ್ ಮ್ಯಾನರ್ಸು ಎಲ್ಲ ಕಲಿಸಿದ್ದರು; ಗೋವಿನಜೋಳದ ನುಚ್ಚು ಮಾತ್ರ ಸಿಲಬಸ್ಸಿನಲ್ಲಿರಲಿಲ್ಲ. "ನುಚ್ಚಿಲ್ಲದ ಊಟ ಊಟ ಏನವಾ? ನನ್ನ ಊರಿಗೆ ಕಳಸ್ರಿ" ಎಂದು ದಿನಾ ಒಂದೇ ರಾಗ. ನಮ್ಮವರು ಟ್ರಾವೆಲ್ ಏಜೆಂಟಿಗೆ ಫೋನೂ ಮಾಡಿಬಿಟ್ಟರು. ಹೆರಿಗೆಗೆ ನನಗಿದ್ದ ಹಿರಿಯ ಹೆಂಗಸು ಅವರೊಬ್ಬರೇ. ಅದಕ್ಕೇ ಗ್ರೋಸರಿಯಿಂದ ಮೆಕ್ಕೆಜೋಳದ ಒಣ ಕಾಳು ತಂದುಕೊಟ್ಟೆ. ಎಷ್ಟು ಕುಟ್ಟಿದರೂ ಸಿಪ್ಪೆ ಬಿಡದು, ಕೆಳಗಿನ ಪೊರಕೆ ನಿಲ್ಲದು.

ಕೊನೆಗೆ ಆಕೆಯೇ ಮೇಲೆ ಬಂದಳು. ಲೂಪೆ ಎಂದು ಹೆಸರು, ಮೆಕ್ಸಿಕೋದವಳು. ನಾನು ನನ್ನ ಬೆಸ್ಟ್ ಇಂಗ್ಲಿಷಿನಲ್ಲಿ ಸಾರಿ ಕೇಳುವಷ್ಟರಲ್ಲಿ ಕುಟ್ಟಾಣಿಯೊಳಗೆ ಇಣುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರಲ್ಲಿ ಕುಟ್ಟುವುದೇ ಇಲ್ಲವಂತೆ. ಸುಣ್ಣದ ನೀರಿನಲ್ಲಿ ಕುದಿಸಿ, ಅದರಲ್ಲೇ ಒಂದು ರಾತ್ರಿ ಬಿಟ್ಟು, ಕೈಯಲ್ಲಿ ಉಜ್ಜಿದರೆ ಸಿಪ್ಪೆ ತಾನಾಗಿ ಕಳಚುತ್ತದಂತೆ. ಸುಣ್ಣ ಕೊಡಲೇ ಎಂದಳು. "ನೋ ಥ್ಯಾಂಕ್ಸ್, ವಿ ಹ್ಯಾವ್ ಇಟ್" ಎಂದೆ ಬಿಂಕದಿಂದ. ಇತ್ತು ನಿಜ, ಅತ್ತೆಯ ತಂಬಾಕಿನ ಚಂಚಿಯಲ್ಲಿ. ಕಾನ್ವೆಂಟಿನಲ್ಲಿ ಓದಿದ ಸೊಸೆಯ ಅತ್ತೆ ತಂಬಾಕು ಹಾಕುತ್ತಾರೆಂದು ಅಕ್ಕಪಕ್ಕದವರಿಗೆ ತಿಳಿಯಬಾರದಲ್ಲ!

ರಾತ್ರಿ ಅತ್ತೆ ಮಲಗಿದ ಮೇಲೆ ಚಂಚಿಯ ಸುಣ್ಣದ ಡಬ್ಬಿಯನ್ನು ಪೂರ್ತಿ ಬಳಿದು, ಕಾಳು ಕುದಿಯುವ ನೀರಿಗೆ ಹಾಕಿದೆ. ಮರುದಿನ ಅವರು ಏಳುವ ಮೊದಲೇ ಕಾಳು ಉಜ್ಜಿ, ಐದಾರು ನೀರಿನಲ್ಲಿ ತೊಳೆದು, ಮಿಕ್ಸಿಯಲ್ಲಿ ಒಡೆದು, ಮೆತ್ತಗೆ ಬೇಯಿಸಿ ಮಜ್ಜಿಗೆ ಸುರಿದುಕೊಟ್ಟೆ. ಅತ್ತೆ ಎರಡು ಬಟ್ಟಲು ಉಂಡು, ಸೆರಗಿನಿಂದ ಬಾಯೊರೆಸಿಕೊಂಡು ಚಂಚಿ ಬಿಚ್ಚಿದರು.

"ಯವ್ವಾ, ನನ್ನ ಸುಣ್ಣ ಎಲ್ಲಿ ಹೋತು?"

"ಈಗ ತಾನೇ ಊಟ ಮಾಡಿದ್ರಲ್ಲ ಅತ್ತೆ..."

ಪಾತ್ರೆ ನೋಡಿದರು, ನನ್ನನ್ನು ನೋಡಿದರು. "ಕಳ್ಳಿ! ಕಾನ್ವೆಂಟಿನ್ಯಾಗ ಇದನ್ನ ಕಲಿಸ್ಯಾರೇನು?" ಎಂದವರೇ ಒಂದು ಬಟ್ಟಲು ನುಚ್ಚು ಹಿಡಿದು ಲೂಪೆಯ ಮನೆಗೆ ಸುಣ್ಣ ಕೇಳಲು ಇಳಿದರು. ಮೇಲೆ ಬಂದದ್ದು ಸಂಜೆಗೆ. ಊರಿಗೆ ಕಳಿಸಿ ಎಂಬ ಮಾತು ಮತ್ತೆ ಬರಲಿಲ್ಲ. ನನಗೆ ನೋವು ಶುರುವಾದಾಗ ಒಂದು ಕೈ ಅತ್ತೆ ಹಿಡಿದಿದ್ದರು, ಇನ್ನೊಂದು ಲೂಪೆ.

ಮಗಳಿಗೆ ನಾಲ್ಕು ತಿಂಗಳಾದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನಲ್ಲಿ ಅತ್ತೆಯನ್ನು ಬೀಳ್ಕೊಟ್ಟೆವು. ಲೂಪೆ ಸ್ಪ್ಯಾನಿಷಿನಲ್ಲಿ ಅತ್ತಳು, ಅತ್ತೆ ಗದಗಿನ ಕನ್ನಡದಲ್ಲಿ ಸಮಾಧಾನ ಹೇಳುತ್ತಾ ತಾವೂ ಅತ್ತರು. ನಾನು ಮಗುವನ್ನೆತ್ತಿಕೊಂಡು ಲೇಡಿಯ ಹಾಗೆ ನೆಟ್ಟಗೆ ನಿಂತಿದ್ದೆ. ಅತ್ತೆ ನನ್ನ ಕೆನ್ನೆ ಹಿಡಿದು, "ನೀನೂ ಅತ್ತಬಿಡವಾ, ಇಲ್ಲಿ ನಮ್ಮನ್ನ ಯಾರು ಬಲ್ಲರು?" ಎಂದರು.

"ಹ್ಯಾಪಿ ಜರ್ನಿ, ಅತ್ತೆ" ಎಂದೆ.

ಅವರನ್ನು ನೋಡಿದ್ದು ಅದೇ ಕೊನೆ. ನನಗೆ ಅಳು ಬಂದದ್ದು ಪಾರ್ಕಿಂಗ್ ಲಾಟಿನಲ್ಲಿ.