ಹಾರ್ಮೋನಿಯಂ ಸುದ್ದಿಗೊಂದು ತಿದ್ದುಪಡಿ

ಯಶೋಧರಾ: ‘ಕದ್ದೊಯ್ದರು’ ಅಂತ ನಾನು ಟೈಪ್ ಮಾಡಲ್ಲ ಮೇಷ್ಟ್ರೇ.

ಇನಾಸಪ್ಪ: ಅದರ ಮುಂದೆ ‘ಪ್ರೀತಿಪೂರ್ವಕವಾಗಿ ತಿಳಿಸುವುದೇನೆಂದರೆ’ ಅಂತ ಇದೆ, ನೋಡಮ್ಮ.

ಯಶೋಧರಾ: ನೋಡ್ದೆ. ‘ಪ್ರೀತಿ’ ನಾಕು ಸಲ ಬಂದಿದೆ, ‘ಕಳವು’ ಐದು ಸಲ.

ಇನಾಸಪ್ಪ: ಹಂಗಾದ್ರೆ ಪ್ರೀತೀನ ಇನ್ನೆರಡು ಕಡೆ ಸೇರ್ಸು.

ತರೀಕೆರೆ ಬಸ್ ಸ್ಟ್ಯಾಂಡ್ ಹಿಂದಿನ ಡಿಟಿಪಿ ಅಂಗಡಿ. ನಿವೃತ್ತ ಮೇಷ್ಟ್ರು ಇನಾಸಪ್ಪ ಹನ್ನೊಂದು ವರ್ಷದಿಂದ ಚರ್ಚಿನ ನಾಲ್ಕು ಪುಟದ ಮಾಸಪತ್ರಿಕೆಗೆ ಸಂಪಾದಕರು. ಅದನ್ನು ಅಚ್ಚಿಗೆ ಸಿದ್ಧಮಾಡುವ ಯಶೋಧರಾ ಬೌದ್ಧರ ಮನೆಯ ಹೆಣ್ಣುಮಗಳು. ಚರ್ಚಿನೊಳಗೆ ಕಾಲಿಟ್ಟವಳಲ್ಲ, ಅಲ್ಲಿನ ಜಗಳಗಳು ಮಾತ್ರ ಬಾಯಿಪಾಠ. ಈ ತಿಂಗಳ ಸುದ್ದಿ, ಚರ್ಚಿನ ಹಾರ್ಮೋನಿಯಂ ಕಾಣೆ. ಹಾಡುವವರ ತಂಡದ ಲೂರ್ದಮ್ಮ ಅದನ್ನು ಆಟೋಗೆ ಹಾಕಿದ್ದನ್ನು ಯಾರೋ ಕಂಡಿದ್ದರು.

ಯಶೋಧರಾ: ಲೂರ್ದಮ್ಮನ್ನ ಒಂದ್ಮಾತು ಕೇಳಿದ್ರಾ?

ಇನಾಸಪ್ಪ: ನಾನ್ಯಾಕೆ ಕೇಳ್ಲಿ? ಅಚ್ಚಾದ್ಮೇಲೆ ಅವರೇ ಫೋನ್ ಮಾಡ್ತಾರೆ. ಅವರು ಹೇಳಿದ್ದನ್ನ ಮುಂದಿನ ತಿಂಗ್ಳು ಹಾಕ್ತೀನಿ. ಎರಡೂ ಕಡೆ ಆಯ್ತಲ್ಲ?

ಯಶೋಧರಾ: ಅಲ್ಲೀಗಂಟ ಅವರು ಕಳ್ಳಿ.

ಇನಾಸಪ್ಪ: ‘ಸಹೋದರಿ’ ಅಂತ ಬರ್ದಿದೀನಿ ಕಣಮ್ಮ!

ಯಶೋಧರಾ ಕೀಬೋರ್ಡ್ ಪಕ್ಕಕ್ಕೆ ಸರಿಸಿ, ಮೇಷ್ಟ್ರ ಫೋನನ್ನೇ ಎತ್ತಿಕೊಂಡು ಲೂರ್ದಮ್ಮನ ನಂಬರ್ ಒತ್ತಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ಲೂರ್ದಮ್ಮ: ಮೇಷ್ಟ್ರೇ, ಸದ್ಯ ನೀವಾದ್ರೂ ಮಾಡಿದ್ರಲ್ಲ! ಅಜ್ಜಂಪುರದಲ್ಲಿದೀನಿ. ಹಾರ್ಮೋನಿಯಂ ರೆಡಿಯಾಯ್ತು. ಗಾಳಿ ತಿದಿಗೆ ಇಲಿ ತೂತು ಹಾಕಿತ್ತಂತೆ.

ಇನಾಸಪ್ಪ: ರಿಪೇರಿಗಾ? ಯಾರನ್ನ ಕೇಳಿ ತಗೊಂಡೋದ್ರಿ?

ಲೂರ್ದಮ್ಮ: ಫಾದರನ್ನ ಕೇಳ್ದೆ, ನಿಮಗೂ ಹೇಳಿದ್ನಲ್ಲ. ಹೋದ ಭಾನುವಾರ ಪೂಜೆ ಮುಗಿದ್ಮೇಲೆ, ‘ಉಸಿರೇ ನಿಲ್ತಿಲ್ಲ ಮೇಷ್ಟ್ರೇ, ಅಜ್ಜಂಪುರದ ರುದ್ರಮೂರ್ತಿ ಹತ್ರ ತೋರಿಸ್ಕೊಂಡ್ ಬತ್ತೀನಿ’ ಅಂದೆ. ‘ದೇವರ ಚಿತ್ತ’ ಅಂದ್ರಿ.

ಇನಾಸಪ್ಪ: ಅಯ್ಯೋ, ನಿಮ್ಮತ್ತೆ ಉಬ್ಬಸದ ವಿಷ್ಯ ಅಂದ್ಕೊಂಡೆ! ಮೂರು ದಿನ ಅವರಿಗೋಸ್ಕರ ಜಪಸರ ಹೇಳಿದೀನಿ!

ಲೂರ್ದಮ್ಮ: ಅದಕ್ಕೇ ಇರ್ಬೇಕು, ನಮ್ಮತ್ತೆ ಈಗ ಎರಡೆರಡು ಮುದ್ದೆ ಉಣ್ತಾರೆ. ಅದಿರ್ಲಿ, ಬೆಳಿಗ್ಗೆಯಿಂದ ಯಾರೂ ನನ್ ಫೋನ್ ಎತ್ತುತಿಲ್ಲ ಯಾಕೆ? ನಮ್ಮ ತಂಡದ ಅನಿತಾ ಒಬ್ಳು ಎತ್ತಿ, ‘ಹಬ್ಬಕ್ಕೆ ನೀವು ಹಾಡೋದು ಬೇಡ’ ಅಂತ ಇಟ್ಬಿಟ್ಲು. ನಾನೇನ್ ಮಾಡ್ದೆ ಮೇಷ್ಟ್ರೇ?

ಇನಾಸಪ್ಪ ಚಾವಣಿಯ ಫ್ಯಾನ್ ನೋಡತೊಡಗಿದರು.

ಯಶೋಧರಾ: ಇದನ್ನ ಚರ್ಚಿನ ವಾಟ್ಸಾಪ್ ಗ್ರೂಪಿಗೆ ಆಗ್ಲೇ ಹಾಕಿದೀರಾ?

ಇನಾಸಪ್ಪ: ಬರೀ ಶೀರ್ಷಿಕೆ... ಕೈ ಮುಗಿಯೋ ಚಿತ್ರಾನೂ ಹಾಕಿದ್ದೆ.

ಫೋನಿನಲ್ಲಿ ಲೂರ್ದಮ್ಮ ಮೂಗೊರೆಸಿಕೊಂಡದ್ದು ಕೇಳಿಸಿತು. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಇನಾಸಪ್ಪ: ತಿದ್ದುಪಡಿ ಬರ್ಕೊ ಯಶೋಧರಾ. ‘ಯಾರಿಂದಲೋ ಉಂಟಾದ ಸಣ್ಣ ಗೊಂದಲದಿಂದ...’

ಯಶೋಧರಾ: ಯಾರಿಂದ?

ಇನಾಸಪ್ಪ: ಹೆಸ್ರು ಯಾಕಮ್ಮ? ಕ್ರೈಸ್ತ ಪತ್ರಿಕೆ, ಪ್ರೀತಿ ಬೇಕಲ್ಲ!

ಯಶೋಧರಾ: ಅವರದ್ದು ಹಾಕುವಾಗ ಹೆಸ್ರು, ಗಂಡನ ಹೆಸ್ರು, ಬೀದಿ, ಎಲ್ಲಾ ಬರ್ದಿದೀರಿ.

ಲೂರ್ದಮ್ಮ: ಹೋಗ್ಲಿ ಬಿಡಮ್ಮ. ಮೇಷ್ಟ್ರು ದೊಡ್ಡವರು, ಅವರನ್ಯಾಕೆ ಸಣ್ಣವರು ಮಾಡೋದು? ‘ಸಂಪಾದಕರಿಗೆ ವಯಸ್ಸಾಯ್ತು, ಕಿವಿ ಸರಿಯಾಗಿ ಕೇಳಲ್ಲ’ ಅಂತ ಹಾಕು. ಜನ ಕನಿಕರ ಪಡ್ತಾರೆ.

ಯಶೋಧರಾ: ಇದು ಪ್ರೀತಿ ಅಂದ್ರೆ. ಟೈಪ್ ಮಾಡ್ಲಾ ಮೇಷ್ಟ್ರೇ?

ಇನಾಸಪ್ಪ: ಕೈ ತೆಗಿ! ‘ಕೇಳದೆ ಬರೆದದ್ದು ಸಂಪಾದಕ ಇನಾಸಪ್ಪನ ತಪ್ಪು’ ಅಂತ ಹಾಕು. ಮೊದಲ್ನೇ ಪುಟದಲ್ಲೇ ಹಾಕು. ದಪ್ಪಕ್ಷರದಲ್ಲಿ ಹಾಕು. ಕಿವಿ ಸುದ್ದಿಗೆ ಮಾತ್ರ ಬರ್ಬೇಡಿ!