ನಂಬರ್ ಜಾಸ್ತಿ ಬಂದ ಪ್ರೋಗ್ರಾಮು

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಅಂತಾರೆ. ಇರಬಹುದು. ಆ ಕೊರತೆಯನ್ನು ಅದರ ಸುತ್ತ ಕೂತ ನಾವು ತುಂಬಿಕೊಡುತ್ತಲೇ ಇದ್ದೆವು.

ತೊಂಬತ್ತರ ದಶಕದಲ್ಲಿ ಸಿಂಧನೂರಿನ ಬಸ್ ನಿಲ್ದಾಣದ ಹಿಂದೆ, ಮಹಡಿಯ ಮೇಲೆ, ನಮ್ಮದೊಂದು ಸಣ್ಣ ಸೆಂಟರ್ ಇತ್ತು. ಮಾಲೀಕರು, ಒಬ್ಬ ಸೀನಿಯರ್, ನಾನು. ಅಕ್ಕಿ ಗಿರಣಿಗಳಿಗೆ, ಗೊಬ್ಬರದ ಅಂಗಡಿಗಳಿಗೆ ಬಿಲ್ ಹಾಕುವ ಪ್ರೋಗ್ರಾಮು ಬರೆದುಕೊಡುತ್ತಿದ್ದೆವು. ಸೀನಿಯರ್ ಬರೆದದ್ದು ಓಡುತ್ತಿತ್ತು, ಕೆಟ್ಟರೆ ಮಾತ್ರ ಅವರಿಗೇ ಅರ್ಥವಾಗುತ್ತಿರಲಿಲ್ಲ. 'ಹೀಗಾದರೆ ಇತ್ತ ಹೋಗು, ಇಲ್ಲದಿದ್ದರೆ ಅತ್ತ ಹೋಗು' ಎನ್ನುವ ಕವಲುಗಳು ಅಷ್ಟಿದ್ದವು. ಬೇಸತ್ತು ನಾನೊಂದು ಹೊಸ ಪ್ರೋಗ್ರಾಮು ಬರೆದೆ. ಅದು ಬೇರೆ ಪ್ರೋಗ್ರಾಮನ್ನು ಓಡಿಸದೆ ಬರೀ ಓದಿ, ಕವಲುಗಳನ್ನು ಎಣಿಸಿ, ಎಷ್ಟು ಸಿಕ್ಕಾಗಿದೆ ಎಂದು ಒಂದು ನಂಬರ್ ಕೊಡುತ್ತಿತ್ತು. ನಂಬರ್ ಜಾಸ್ತಿಯಾದಷ್ಟೂ ಸಿಕ್ಕು ಜಾಸ್ತಿ.

ಅದೇ ಹೊತ್ತಿಗೆ ಮಾಲೀಕರು, ಲಿಂಗಸುಗೂರಿನ ಕಿರಾಣಿ ಅಂಗಡಿಯೊಂದರ ಆರ್ಡರ್ ಸಿಗದಿದ್ದರೆ ಕಂಪ್ಯೂಟರ್ ಮಾರಿ ಜೆರಾಕ್ಸ್ ಮಷಿನ್ ಇಡುತ್ತೇನೆ ಎಂದುಬಿಟ್ಟರು. ನನಗೆ ನಿಜಕ್ಕೂ ಭಯವಾಯಿತು.

ಪೇಢೆ

ಮೊದಲು ಸೀನಿಯರ್ ಬರೆದದ್ದನ್ನೇ ಅಳೆದೆ. ಪರದೆಯ ಮೇಲೆ ಭಾರೀ ನಂಬರ್ ಬಂತು. ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಅವರು ಇಣುಕಿ ನೋಡಿ, ನಿನ್ನದೆಷ್ಟು ಅಂತ ಕೇಳಿದರು. ನನ್ನ ಬಿಲ್ ಪ್ರೋಗ್ರಾಮಿನದು ಬಹಳ ಕಡಿಮೆ ಅಂದೆ. ಬೆನ್ನು ತಟ್ಟಿ ಸಮಾಧಾನ ಮಾಡಿ ಕೆಳಗಿಳಿದು ಹೋದರು. ಬರುವಾಗ ಕೈಯಲ್ಲಿ ಪೇಢೆ ಪೊಟ್ಟಣ.

"ತಿನ್ನಪಾ. ಮುಂದಿನ ಸಲ ನಿನಗೂ ಜಾಸ್ತಿ ಬರ್ತಾವ."

ಪೇಢೆ ಚೆನ್ನಾಗಿತ್ತು. ವಿಷಯ ಹೇಳುವುದನ್ನು ಮರುದಿನಕ್ಕೆ ಇಟ್ಟುಕೊಂಡೆ.

ಕರೆಂಟು

ಮಸ್ಕಿಯ ಗೊಬ್ಬರದ ಅಂಗಡಿಯಲ್ಲಿ ನಮ್ಮದೊಂದು ಪ್ರೋಗ್ರಾಮು ಕೈಕೊಟ್ಟಿತ್ತು. ನನ್ನ ಅಳತೆಯ ಪ್ರೋಗ್ರಾಮಿನ ಫ್ಲಾಪಿ ಹಿಡಿದು ಹೋದೆ. ನಾನು ಹೋಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಯಿತು. ಸುಮ್ಮನೆ ಕೂಡಲಾರದೆ, ನನ್ನ ಪ್ರೋಗ್ರಾಮಿನ ಹೆಚ್ಚುಗಾರಿಕೆಯನ್ನು ಸಾಹುಕಾರರಿಗೆ ಕೊಚ್ಚಿಕೊಂಡೆ. ನಿಮ್ಮ ಬಿಲ್ ಪ್ರೋಗ್ರಾಮು ಓಡಬೇಕಾಗಿಯೇ ಇಲ್ಲ, ಓಡಿಸದೆಯೇ ಅದರ ಸಿಕ್ಕು ಹೇಳುತ್ತೇನೆ ಅಂದೆ. ಅವರು ಲೆಕ್ಕದ ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು.

"ಹಂಗಾರ ಕರೆಂಟಿನ ದಾರಿ ಯಾಕ ಕಾಯಾಕತ್ತೀರಿ? ಹೇಳ್ರಿ ಮತ್ತ."

ಲಿಂಗಸುಗೂರಿನ ಸಾಹುಕಾರರು

ಕಡೆಗೆ ಆ ದಿನ ಬಂತು. ಲಿಂಗಸುಗೂರಿನ ಕಿರಾಣಿ ಸಾಹುಕಾರರು ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಕೈಮುಗಿದು ಕೂತರು. ಜೊತೆಗೆ ಬಂದ ಇನ್ನೊಬ್ಬರು ಕೂಡುವ ಮೊದಲೇ ಕುರ್ಚಿ ಅಲ್ಲಾಡುತ್ತದೆ ಅಂದರು. ಚಹಾ ನೀರಾಗಿದೆ, ಪರದೆ ಸಣ್ಣದು, ಕೀಲಿಗಳು ಎಬಿಸಿ ವರಸೆಯಲ್ಲಿಲ್ಲ, ಹೀಗೆ ಅವರು ತಪ್ಪು ತೆಗೆಯುತ್ತಲೇ ಇದ್ದರು.

ಮಾಲೀಕರು ಬಂದವರನ್ನು ದಂಗುಬಡಿಸಲೆಂದು, ನಮ್ಮಲ್ಲಿರುವ ಎಲ್ಲ ಪ್ರೋಗ್ರಾಮುಗಳನ್ನೂ ಅಳೆದು ತೋರಿಸು ಅಂದರು. ನನ್ನ ಅಳತೆಯ ಪ್ರೋಗ್ರಾಮು ತನ್ನನ್ನೂ ಬಿಡದೆ ಅಳೆದುಕೊಂಡಿತು. ಸೀನಿಯರ್ ದಾಖಲೆ ಮುರಿದು, ಎಲ್ಲಕ್ಕಿಂತ ದೊಡ್ಡ ನಂಬರ್ ಅದಕ್ಕೇ ಬಂತು. ಸೀನಿಯರ್ ಮುಖ ಬಾಡಿತು. ಸಾಹುಕಾರರು ಪರದೆಗೆ ಬೆರಳಿಟ್ಟು, ಜಾಸ್ತಿ ಬಂದದ್ದೇ ನನಗೆ ಇರಲಿ ಅಂದರು.

ಮಾಲೀಕರು ನನಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು. ಆದರೆ ನಾಳೆ ಬಿಲ್ ಹಾಕಲು ಬಾರದಿದ್ದರೆ ಲಿಂಗಸುಗೂರಿಗೆ ಓಡಬೇಕಾದವನು ನಾನು. ಇದ್ದದ್ದನ್ನು ಹೇಳಿದೆ. ಅದು ಬಿಲ್ ಹಾಕುವುದಿಲ್ಲ, ಲೆಕ್ಕ ಇಡುವುದಿಲ್ಲ, ಬೇರೆಯವುಗಳ ಸಿಕ್ಕು ಎಣಿಸುತ್ತದೆ ಅಷ್ಟೇ. ಜಾಸ್ತಿ ಬಂದಿದ್ದರೆ ಸಿಕ್ಕು ಜಾಸ್ತಿ ಅಂತ ಅರ್ಥ.

ಮಾಲೀಕರು ಕಣ್ಣು ಮುಚ್ಚಿಕೊಂಡರು. ನನಗೆ ಜೆರಾಕ್ಸ್ ಮಷಿನ್ನಿನ ಸದ್ದೇ ಕೇಳಿದಂತಾಯಿತು. ಸಾಹುಕಾರರು ನಿಧಾನವಾಗಿ ಚಹಾ ಮುಗಿಸಿದರು.

"ತಾ ಏನೂ ಕೆಲಸ ಮಾಡಂಗಿಲ್ಲ. ಮಾಡಾವ್ರ ತಪ್ಪು ಎಣಸ್ತೈತಿ. ಸಿಕ್ಕು ನೋಡಿದ್ರ ಎಲ್ಲಾರಕಿಂತ ತನ್ನಾಗೇ ಜಾಸ್ತಿ. ಹೌದಿಲ್ರಿ?"

ಹೌದು ಅಂದೆ.

"ಹಂಗಾರ ಅದು ಬ್ಯಾಡ್ರಿ, ಬಿಲ್ ಹಾಕೂದು ಕೊಡ್ರಿ. ಅಂಥಾದ್ದೊಂದು ನಮ್ಮ ಅಂಗಡ್ಯಾಗ ಮದಲ ಐತಿ."

ಹಾಗೆಂದು ಜೊತೆಗೆ ಬಂದವರ ಕಡೆ ಕೈಮಾಡಿ, ಇವರ ಗುರುತು ಹೇಳುವುದನ್ನೇ ಮರೆತಿದ್ದೆ, ಇವರು ನನ್ನ ಹೆಂಡತಿಯ ತಮ್ಮ ಅಂದರು.