ಅತ್ತೆಯ ಮಂಡಿಗೊಂದು ಕಾದಂಬರಿ

ನನ್ನ ಸೋದರತ್ತೆಯ ಮಂಡಿ ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು. ಸಕ್ಕರೆ ಜಾಸ್ತಿ ಇತ್ತೆಂದಲ್ಲ, ಬಿಪಿ ಏರಿತ್ತೆಂದಲ್ಲ, ಡಾಕ್ಟರು ರಜದಲ್ಲಿದ್ದರೆಂದೂ ಅಲ್ಲ. ಮಲಗಿಕೊಂಡು ಓದಲು ಒಂದು ಒಳ್ಳೆಯ ಕಾದಂಬರಿ ಸಿಗಲಿಲ್ಲ, ಅಷ್ಟೇ. ನೀವು ನಂಬುವುದಿಲ್ಲ ಅಂತ ಗೊತ್ತು. ತುಮಕೂರಿನ ಆ ಮೂಳೆ ಡಾಕ್ಟರೂ ನಂಬಿರಲಿಲ್ಲ.

“ರಿಪೋರ್ಟೆಲ್ಲಾ ನಾರ್ಮಲ್ ಇದೆಯಲ್ಲಮ್ಮ, ಇನ್ನೇನು ತೊಂದ್ರೆ?” ಎಂದು ಕೇಳಿದರು.

“ಬುಕ್ ಇಲ್ಲ ಡಾಕ್ಟ್ರೇ.”

“ಪಾಸ್‌ಬುಕ್ಕಾ? ಅದೇನೂ ಬೇಡ, ಆಧಾರ್ ಇದ್ರೆ ಸಾಕು.”

ಅತ್ತೆ ಕನ್ನಡಕದ ಮೇಲಿಂದ ಅವರನ್ನೊಮ್ಮೆ ನೋಡಿದರು. ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು ಅವರು. ಆ ನೋಟಕ್ಕೆ ಎಂಥೆಂಥವರಿಗೋ ಹದಿನೇಳರ ಮಗ್ಗಿ ಬಾಯಿಗೆ ಬಂದಿದೆ. ಡಾಕ್ಟರು ಸುಮ್ಮನೆ ಫೈಲು ಮುಚ್ಚಿದರು.

ವಿಷಯ ಏನೆಂದರೆ, ಅತ್ತೆಗೆ ಮೆಚ್ಚಿನ ಲೇಖಕರು ಮೂವರೇ. ಮೂವರ ಪುಸ್ತಕಗಳನ್ನೂ ಒಂದು ಬಿಡದೆ ಓದಿದ್ದಾರೆ. ಮತ್ತೆ ಮತ್ತೆ ಓದಿ, ಈಗ ನಾವು ಯಾವ ಪುಟ ತೆಗೆದು ಮೊದಲ ಸಾಲು ಹೇಳಿದರೂ ಎರಡನೆಯದನ್ನು ಅವರೇ ಹೇಳಿ ಮುಗಿಸುತ್ತಾರೆ. ಮೂವರು ಲೇಖಕರೂ ತೀರಿಕೊಂಡಿದ್ದಾರೆ. ಇದನ್ನು ಅತ್ತೆ ತಮಗೆ ಮಾಡಿದ ಅನ್ಯಾಯವೆಂದೇ ತಿಳಿದಿದ್ದಾರೆ. “ಇನ್ನೊಂದೆರಡು ಬರ್ದಿಟ್ಟು ಹೋಗೋಕೇನಾಗಿತ್ತು ಇವ್ರಿಗೆ?” ಎನ್ನುತ್ತಾರೆ.

ಆಪರೇಷನ್ ಆದ ಮೇಲೆ ವಾರಗಟ್ಟಲೆ ಮನೆಯಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದಾಗ ಅತ್ತೆ ಕೇಳಿದ್ದು ನೋವಿನ ಬಗ್ಗೆಯಲ್ಲ. “ಅಷ್ಟು ದಿನ ಏನ್ ಓದ್ಲಿ? ಸೀಲಿಂಗ್ ಫ್ಯಾನಾ?”

ಗುಬ್ಬಿಯ ಮನೆಯಲ್ಲಿ ಜೊತೆಗಿರುವ ಮಗ ಬಿದರೆಹಳ್ಳಿ ಕಾವಲ್‌ನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಅವನು ನನಗೆ ಫೋನ್ ಮಾಡಿದ. “ಅಮ್ಮ ಈಗ ಮೆಟ್ಲು ಕೂಡ ಹತ್ತಲ್ಲ ಕಣೋ. ನೀನು ತುಮಕೂರಲ್ಲಿದೀಯ, ಏನಾದ್ರೂ ಹುಡುಕಿ ಕೊಡು.” ನಾನು ಹಿರೇಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿರುವವನು. ಯಾವ ಬೋಲ್ಟ್ ಕೇಳಿದರೂ ಎರಡು ನಿಮಿಷದಲ್ಲಿ ತೆಗೆದುಕೊಡಬಲ್ಲೆ. ಕಾದಂಬರಿ ಮಹಾ ಏನು ಅಂದುಕೊಂಡೆ.

ಮೊದಲ ವಾರ ಮೂರು ಪುಸ್ತಕ ಒಯ್ದೆ. ಅಂಗಡಿಯವರು ಬಹಳ ಹೊಗಳಿ ಕೊಟ್ಟವು. ಮುಂದಿನ ಭಾನುವಾರ ಹೋದರೆ ಮೂರೂ ಟೀಪಾಯಿಯ ಮೇಲೆ ತಿದ್ದಿದ ಪರೀಕ್ಷೆ ಪೇಪರಿನ ಹಾಗೆ ಕೂತಿದ್ದವು.

“ಇದ್ರಲ್ಲಿ ಎಲ್ಲಾರೂ ಕಿಟಕಿ ಹತ್ರ ನಿಂತ್ಕೊಂಡು ಯೋಚ್ನೆ ಮಾಡ್ತಾರೆ. ಮನೆ ಕೆಲ್ಸ ಯಾರು ಮಾಡೋದು?” ಎಂದರು ಅತ್ತೆ. ಎರಡನೆಯದರಲ್ಲಿ ಎಂಬತ್ತು ಪುಟ ಕಳೆದರೂ ಯಾರೂ ಊಟ ಮಾಡಿರಲಿಲ್ಲವಂತೆ. “ನಂಗೇ ಹೊಟ್ಟೆ ಹಸೀತು, ಎದ್ದು ಹೋಗಿ ಉಪ್ಪಿಟ್ಟು ಮಾಡ್ಕೊಂಡೆ.” ಮೂರನೆಯದನ್ನು ಮುಟ್ಟಲೂ ಇಲ್ಲ. ಹಿಂದಿನ ರಟ್ಟಿನ ಮೇಲೆ ಲೇಖಕರ ಫೋಟೋ ಇತ್ತು. “ಯಾಕೋ ಪಾಪ, ಸಿಟ್ಟಾಗವ್ರೆ” ಎಂದು ಬೋರಲು ಹಾಕಿಟ್ಟಿದ್ದರು.

ಹೀಗೆ ಹನ್ನೊಂದು ಪುಸ್ತಕಗಳು ಫೇಲಾದವು. ಒಂದು ದಿನ ಅತ್ತೆ ಕೋಲು ಹಿಡಿದು ಎದ್ದೇ ಬಿಟ್ಟರು. “ನೀನು ತರೋವೆಲ್ಲ ನಿನ್ನಂಗೇ ಇರ್ತವೆ ಬುಡು. ಕುಣಿಗಲ್‌ಗೆ ಹೋಗಣ ನಡಿ, ನಮ್ಮ ಹಿಂದಿ ಮೇಡಂ ಮನೇಲಿ ಬೀರು ತುಂಬಾ ಪುಸ್ತಕ ಐತೆ.”

ಬೀರು ತುಂಬಾ ಇದ್ದದ್ದೇನೋ ನಿಜ. ಬಾಗಿಲು ತೆಗೆದರೆ ಅತ್ತೆಯ ಮೂವರು ಲೇಖಕರೇ ಮೇಲಿಂದ ಕೆಳಗಿನವರೆಗೂ ಸಾಲಾಗಿ ನಿಂತಿದ್ದಾರೆ. ಹಿಂದಿ ಮೇಡಂ, “ನೀವು ಬರ್ತೀರಾ ಅಂದಾಗ ನಂಗೂ ಆಸೆಯಾಗಿತ್ತು, ನೀವೇ ಏನಾದ್ರೂ ಹೊಸಾದು ತರ್ತೀರೇನೋ ಅಂತ” ಎಂದರು. ಇಬ್ಬರೂ ಸಾವಿನ ಮನೆಯಲ್ಲಿ ಕೂತವರಂತೆ ಕೂತು ಕಾಫಿ ಕುಡಿದರು. ಮಧ್ಯೆ ಮಧ್ಯೆ ಒಬ್ಬರಾದ ಮೇಲೊಬ್ಬರು ನಿಟ್ಟುಸಿರುಬಿಟ್ಟರು.

ತುಮಕೂರಿಗೆ ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಖಾಲಿ ಚೀಲವನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದರು. ನಮ್ಮ ಪಕ್ಕದ ಸಾಲಿನ ಸೀಟಿನಲ್ಲಿ ಇಪ್ಪತ್ತೈದು ವರ್ಷದ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಕೈಯಲ್ಲಿ ರಟ್ಟು ಹರಿದ ಪುಸ್ತಕ. ಅವಳು ಓದುತ್ತ ಓದುತ್ತ ಫಕ್ಕನೆ ನಕ್ಕಳು. ಅತ್ತೆಯ ಕತ್ತು ಆ ಕಡೆ ತಿರುಗಿತು. ಸ್ವಲ್ಪ ದೂರ ಹೋದ ಮೇಲೆ ಅವಳು ವೇಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅತ್ತೆಯ ದೇಹವೂ ಆ ಕಡೆ ತಿರುಗಿತು. ಗೂಳೂರು ಬರುವ ಹೊತ್ತಿಗೆ ಅವಳು ತಲೆಯೆತ್ತಿ ಗಾಬರಿಯಿಂದ, “ಹೆಬ್ಬೂರು ಹೋಯ್ತಾ?” ಎಂದಳು.

“ಹೆಬ್ಬೂರು ಹೋಗಿ ಯಾವ ಕಾಲ ಆಯ್ತಮ್ಮ. ಕೂಗಿ ಕೂಗಿ ಗಂಟ್ಲು ಕಟ್ತು” ಎಂದ ಕಂಡಕ್ಟರ್.

ಅವಳು ಚೀಲ ಎತ್ತಿಕೊಂಡು ಇಳಿದಳು. ನೋಡುತ್ತೇನೆ, ಮೆಟ್ಟಿಲಿಳಿಯಲು ಆಗುವುದಿಲ್ಲ ಎನ್ನುತ್ತಿದ್ದ ಅತ್ತೆ ಅವಳ ಹಿಂದೆಯೇ ಇಳಿಯುತ್ತಿದ್ದಾರೆ. ನಾನೂ ಇಳಿದೆ. ಹೆಂಗಸರಿಗೆ ಬಸ್ಸು ಫ್ರೀ, ಮತ್ತೆ ಟಿಕೆಟ್ ತೆಗೆಯಬೇಕಾದವನು ನಾನೊಬ್ಬನೇ.

“ಏನಮ್ಮ ಅದು ಓದ್ತಿದ್ದದ್ದು?” ಅತ್ತೆ ಕೇಳಿದರು.

“ಗೊತ್ತಿಲ್ಲ ಆಂಟಿ, ಮೊದಲ್ನೇ ಪೇಜೇ ಹರಿದೋಗದೆ. ಅತ್ತೆ ಸೊಸೆ ಇಬ್ರೂ ಸೇರ್ಕೊಂಡು ಒಂದು ಮೆಸ್ ಇಡ್ತಾರೆ, ಆ ಕಥೆ.”

“ಅಡ್ಗೆ ಮಾಡ್ತಾರೆ ಅನ್ನು.”

“ಅಯ್ಯೋ, ಓದ್ತಾ ಇದ್ರೆ ಒಗ್ಗರಣೆ ಘಮ ಬತ್ತದೆ ಆಂಟಿ.”

ಅವಳು ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುವವಳು. ಅವರ ಕಂಪನಿ ಬಸ್ಸಿನಲ್ಲಿ ನಾಲ್ಕೈದು ಜನ ಪುಸ್ತಕಗಳನ್ನು ಕೈ ಬದಲಾಯಿಸಿಕೊಂಡು ಓದುತ್ತಾರಂತೆ. “ನಾವು ರೈಟರ್ ಹೆಸ್ರೆಲ್ಲ ನೋಡಲ್ಲ. ಸ್ಟಾಪ್ ಮಿಸ್ ಆಯ್ತು ಅಂದ್ರೆ ಬುಕ್ ಚೆನ್ನಾಗೈತೆ ಅಂತ” ಎಂದಳು. ನಲವತ್ತು ವರ್ಷ ಓದಿದ ಅತ್ತೆ ಈ ಮಾತಿಗೆ ವಿದ್ಯಾರ್ಥಿನಿಯಂತೆ ತಲೆಯಾಡಿಸಿದರು.

“ಓದಿ ಕೊಡ್ತೀನಿ, ನಂಗೆ ಕೊಡ್ತೀಯಾ?”

“ಇನ್ನು ಇಪ್ಪತ್ತು ಪೇಜ್ ಐತಲ್ಲ ಆಂಟಿ.”

“ಓದ್ಕೊ. ಕೂತಿರ್ತೀನಿ.”

ಗೂಳೂರಿನ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವಳು ಓದಿದಳು, ಅತ್ತೆ ಕಾದರು. “ನಿಧಾನವಾಗಿ ಓದಮ್ಮ, ಅವಸರ ಇಲ್ಲ” ಎನ್ನುತ್ತಲೇ ಪ್ರತಿ ಪುಟ ಮಗುಚಿದಾಗಲೂ ಎಷ್ಟು ಉಳಿಯಿತೆಂದು ದಪ್ಪ ನೋಡುತ್ತಿದ್ದರು. ಹೆಬ್ಬೂರಿನ ಎರಡು ಬಸ್ಸು, ತುಮಕೂರಿನ ಮೂರು ಬಸ್ಸು ಬಂದು ಹೋದವು. ಕೊನೆಗೆ ಆ ಹೆಣ್ಣುಮಗಳು ಪುಸ್ತಕ ಮುಚ್ಚಿ ಅತ್ತೆಯ ತೊಡೆಯ ಮೇಲಿಟ್ಟಳು. ಇಬ್ಬರೂ ಫೋನ್ ನಂಬರ್ ಕೊಟ್ಟು ತೆಗೆದುಕೊಂಡರು.

“ಲೇಖಕರು ಯಾರು ಅಂತಾನೂ ಗೊತ್ತಾಗ್ಲಿಲ್ವಲ್ಲ ಅತ್ತೆ” ಎಂದೆ ನಾನು.

“ಒಳ್ಳೇದೇ ಆಯ್ತು. ಗೊತ್ತಾದ್ರೆ ಇನ್ನೂ ಅವ್ರದ್ದೇ ಬೇಕು ಅಂತೀನಿ. ಅದೂ ಮುಗ್ದೋಗ್ತದೆ.” ಬಸ್ಸಿನಲ್ಲಿ ಕೂತೊಡನೆ ನನ್ನ ಕೈಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸಿದರು. ಆಪರೇಷನ್ ಸೋಮವಾರಕ್ಕೆ ನಿಗದಿಯಾಯಿತು.

ಸೋಮವಾರ ನಾನು ರಜ ಹಾಕಿ ಹೋದೆ. ಅವರ ಮಗ ಕೌಂಟರಿನಲ್ಲಿ ಫಾರಂ ತುಂಬುತ್ತಿದ್ದ. ಅತ್ತೆ ಹಸಿರು ಗೌನು ಹಾಕಿಕೊಂಡು, ಬಳೆ ಬಿಚ್ಚಿಟ್ಟು ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಪುಸ್ತಕ, ನಡುವೆ ಗುರುತಿಗೆ ಒಂದು ಹಾಳೆ. ಸಿಕ್ಕಿ ನಾಲ್ಕು ದಿನವಾಗಿತ್ತು. ದಿನಕ್ಕೊಂದು ಕಾದಂಬರಿ ನುಂಗುವವರು ಅತ್ತೆ. ಇದೂ ಫೇಲಾಯಿತೇನೋ ಅಂದುಕೊಂಡೆ.

“ಚೆನ್ನಾಗಿಲ್ವಾ ಅತ್ತೆ? ಅರ್ಧಕ್ಕೇ ನಿಲ್ಸಿದೀರಲ್ಲ.”

“ಭಾಳ ಚೆನ್ನಾಗೈತೆ. ಬೇಕಂತ್ಲೇ ನಿಲ್ಸಿದೀನಿ.”

ಗೋಡೆಯ ಕಡೆ ನೋಡುತ್ತ ಹೇಳಿದರು.

“ನಿಮ್ಮಾವ ಆಸ್ಪತ್ರೆಗೆ ಹೊರಟ ದಿನ ಎಲ್ಲಾ ಕೆಲ್ಸ ಮುಗ್ಸಿದ್ರು. ಗ್ಯಾಸ್ ಬುಕ್ ಮಾಡಿದ್ರು, ಕರೆಂಟ್ ಬಿಲ್ ಕಟ್ಟಿದ್ರು, ಓದ್ತಿದ್ದ ಪುಸ್ತಕಾನೂ ಮುಗ್ಸಿ ಲೈಬ್ರರಿಗೆ ಕೊಟ್ಟು ಬಂದ್ರು. ಇನ್ನೇನೂ ಬಾಕಿ ಇಲ್ಲ ಕಣೇ, ನಿಶ್ಚಿಂತೆಯಾಗಿ ಹೋಗ್ಬೋದು ಅಂದ್ರು. ಹಂಗೇ ಹೋಗ್ಬುಟ್ರು.” ಸೆರಗಿಗಾಗಿ ಕೈ ತಡಕಾಡಿತು, ಗೌನಿಗೆ ಸೆರಗಿರಲಿಲ್ಲ. “ನಂಗೆ ಏನಾದ್ರೂ ಬಾಕಿ ಇಟ್ಟು ಒಳಗೆ ಹೋಗ್ಬೇಕು ಕಣೋ. ಎದ್ದು ಬಂದು ನೋಡ್ಲೇಬೇಕು ಅನ್ನಿಸೋ ಅಂಥದ್ದು. ನೀನು ತಂದ ಹನ್ನೊಂದ್ರಲ್ಲಿ ಯಾವ್ದನ್ನ ಅರ್ಧಕ್ಕೆ ಬಿಟ್ಟಿದ್ರೂ ಚಿಂತೆ ಆಗ್ತಿರ್ಲಿಲ್ಲ.”

ನರ್ಸ್ ಬಂದರು. ಅತ್ತೆ ಕನ್ನಡಕವನ್ನೂ ಪುಸ್ತಕವನ್ನೂ ನನ್ನ ಕೈಗಿಟ್ಟರು.

ಹೊರಗೆ ಎಷ್ಟು ಹೊತ್ತು ಕೂತಿದ್ದೆವೋ ತಿಳಿಯದು. ಅವರ ಮಗ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ನಾನು ಆ ಪುಸ್ತಕವನ್ನು ತೆರೆಯದೆ ಎರಡು ಕೈಯಲ್ಲೂ ಹಿಡಿದುಕೊಂಡಿದ್ದೆ. ಡಾಕ್ಟರು ಬಂದು, “ಚೆನ್ನಾಗಾಯ್ತು, ಗಾಬ್ರಿ ಬೇಡ” ಎಂದಾಗ ಬೆರಳುಗಳು ಜೋಮು ಹಿಡಿದದ್ದು ಗೊತ್ತಾಯಿತು.

ಸಂಜೆ ಅತ್ತೆಗೆ ಚೆನ್ನಾಗಿ ಎಚ್ಚರವಾಯಿತು. ಕಣ್ಣು ಮಂಜು, ಅಕ್ಷರ ನಿಲ್ಲುತ್ತಿಲ್ಲ ಎಂದರು. “ನೀನೇ ಓದ್ಲಾ” ಎಂದರು. ಗುರುತಿನ ಹಾಳೆ ತೆಗೆದು ಓದತೊಡಗಿದೆ. ಮೆಸ್ಸಿನ ಮೊದಲ ದಿನ, ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡೇ ನಕ್ಕರು. ಎರಡು ಪುಟ ಕಳೆಯುವಷ್ಟರಲ್ಲಿ ಉಸಿರು ಸಮವಾಗಿ, ನಿದ್ದೆ ಹತ್ತಿತು. ಅಲ್ಲಿಗೇ ಹಾಳೆ ಇಟ್ಟು ಮುಚ್ಚಿದೆ. ಇನ್ನೂ ನೂರೈವತ್ತು ಪುಟ ಬಾಕಿ ಇತ್ತು.